ಎರಡು ವರ್ಷಕ್ಕೊಮ್ಮೆಯ ಕಡಲು

ದೆಹಲಿಯಲ್ಲಿ ಮೇ ತಿಂಗಳು ಕಾಲಿಟ್ಟಿತೆಂದರೆ ಕನ್ನಡಿಗರು ಎಲ್ಲಿ ಕಲೆತರೂ, ಅದು ಮದುವೆಯ ಪಂಕ್ತಿಯಾಗಲಿ, ಸಂಘದ ಸಭಾಂಗಣವಾಗಲಿ, ಒಂದೇ ಪ್ರಶ್ನೆ: "ಈ ಸಲ ಊರಿಗೆ ಹೋಗುವುದುಂಟೋ?" ಘಟ್ಟದ ಮೇಲಿನವರಿಗೆ ಊರೆಂದರೆ ಹೊಲ, ಕೆರೆ, ಮಾವಿನ ತೋಪು. ಕರಾವಳಿಯಿಂದ ಬಂದ ನಮ್ಮಂಥವರಿಗೆ ಊರೆಂದರೆ ಕಡಲು. ನಾವು ಎಂದರೆ ಒಡಹುಟ್ಟಿದ ಮೂವರು. ಈಗ ಒಬ್ಬರು ಜನಕಪುರಿಯಲ್ಲಿ, ಒಬ್ಬರು ನೋಯಿಡಾದಲ್ಲಿ, ಒಬ್ಬರು ಗುರುಗ್ರಾಮದಲ್ಲಿದ್ದೇವೆ. ಬೆಳೆದದ್ದು ಮಾತ್ರ, ಹಿಂದೆ ವಿನಯನಗರವೆಂದು ಕರೆಯುತ್ತಿದ್ದ ಸರೋಜಿನಿ ನಗರದ ಎರಡು ಕೋಣೆಯ ಸರಕಾರಿ ಕ್ವಾರ್ಟರ್ಸಿನಲ್ಲಿ.

ನಮ್ಮ ಬಾಲ್ಯದ ಕಡಲಿನ ನೆನಪು ತೆಗೆಯುವ ಮುನ್ನ ಒಂದು ಸರಕಾರಿ ಆದೇಶವನ್ನು ನೆನೆಯಬೇಕು. 1956ರ ಅಕ್ಟೋಬರದಲ್ಲಿ ಕೇಂದ್ರ ಸರಕಾರ ತನ್ನ ನೌಕರರಿಗೆ ರಜಾ ಪ್ರಯಾಣದ ರಿಯಾಯಿತಿಯನ್ನು ಜಾರಿಗೆ ತಂದಿತು. ಎಲ್.ಟಿ.ಸಿ. ಎಂಬ ಮೂರಕ್ಷರದಿಂದ ದೆಹಲಿಯ ಕನ್ನಡ ಮನೆಗಳಿಗೆಲ್ಲ ಪರಿಚಿತವಾದ ಸೌಲಭ್ಯ ಇದೇ. ಎರಡು ವರ್ಷಕ್ಕೊಮ್ಮೆ ಸಂಸಾರಸಮೇತ ಸ್ವಂತ ಊರಿಗೆ ಹೋಗಿಬರಲು ಸರಕಾರ ರೈಲುಖರ್ಚಿಗೆ ನೆರವಾಗುತ್ತಿತ್ತು. ಆದರೆ ನೌಕರನು ತನ್ನ 'ಹೋಮ್ ಟೌನ್' ಯಾವುದೆಂದು ಬರೆದುಕೊಡಬೇಕು. ಒಮ್ಮೆ ಬರೆದುಕೊಟ್ಟದ್ದೇ ಕೊನೆ. ಬಲವಾದ ಕಾರಣವಿದ್ದರೆ ಇಡೀ ಸೇವಾವಧಿಯಲ್ಲಿ ಒಂದೇ ಸಲ ಬದಲಿಸಬಹುದು. ಸೆಕ್ರೆಟೇರಿಯೆಟ್ಟಿನಲ್ಲಿ ಗುಮಾಸ್ತರಾಗಿದ್ದ ನಮ್ಮ ತಂದೆಯವರು ಅಲ್ಲಿ ಬರೆದದ್ದು ಉಡುಪಿಗೆ ದಕ್ಷಿಣದ ಒಂದು ಸಣ್ಣ ಊರಿನ ಹೆಸರು. ರಾತ್ರಿಯ ಹೊತ್ತು ಕಾಪುವಿನ ದೀಪಸ್ತಂಭದ ಬೆಳಕು ಅಲ್ಲಿಯ ತೆಂಗಿನ ತಲೆಗಳ ಮೇಲೆ ಹಾದುಹೋಗುವುದು ಕಾಣುತ್ತದೆ.

1959ರಿಂದ 1973ರ ತನಕ ಹೀಗೆ ಎಂಟು ಸಲ ಹೋದೆವು. ಶಾಲೆಗೆ ರಜೆ ಬರುವ ಮೊದಲೇ ತಾಯಿ ಟ್ರಂಕು ತೆರೆಯುವರು. ಹೋಲ್ಡಾಲಿಗೆ ಬಿಸಿಲು ತೋರಿಸಿ, ನೀರಿನ ಕೂಜ ತೊಳೆದು, ಮೂರು ದಿನಕ್ಕಾಗುವಷ್ಟು ಚಪಾತಿ, ಚಟ್ನಿಪುಡಿ, ಅವಲಕ್ಕಿ ಕಟ್ಟುವರು. ಆಗ ದೆಹಲಿಯಿಂದ ಮಂಗಳೂರಿಗೆ ನೇರ ಗಾಡಿ ಇರಲಿಲ್ಲ. ಗ್ರ್ಯಾಂಡ್ ಟ್ರಂಕ್ ಎಕ್ಸ್‌ಪ್ರೆಸ್ಸಿನ ಮೂರನೆಯ ದರ್ಜೆಯಲ್ಲಿ ಎರಡು ರಾತ್ರಿ ಕಳೆದು ಮದರಾಸು ಸೇರಬೇಕು; ಅಲ್ಲಿಂದ ಸಂಜೆಯ ಮಂಗಳೂರು ಮೇಲು. ಮೊದಮೊದಲು ಉಗಿಯ ಎಂಜಿನ್ನು. ಕಿಟಕಿಗೆ ಮುಖವಿಟ್ಟವರ ಕಣ್ಣಿಗೆ ಇದ್ದಿಲ ಕಣ, ತಲೆಗೆ ಮಸಿ. ನಾಗಪುರ ದಾಟುವ ಹೊತ್ತಿಗೆ ಡಬ್ಬಿಯೊಳಗಿನ ಸೆಕೆಯೇ ಒಬ್ಬ ಸಹಪ್ರಯಾಣಿಕನಂತೆ ಬಂದು ನಡುವೆ ಕೂರುತ್ತಿತ್ತು.

ದಾರಿಯುದ್ದಕ್ಕೂ ನಮ್ಮ ಲೆಕ್ಕ ನದಿಗಳದು. ಚಂಬಲ್, ನರ್ಮದೆ, ಗೋದಾವರಿ, ಕೃಷ್ಣೆ: ಸೇತುವೆ ಬಂದೊಡನೆ ತಾಯಿ ಒಂದೊಂದು ಪೈಸೆ ಕೊಡುವರು, ನಾವು ಕಿಟಕಿಯಿಂದ ನೀರಿಗೆ ಹಾಕಿ ಕೈಮುಗಿಯುವುದು. ನಾಲ್ಕನೆಯ ದಿನ ಬೆಳಗ್ಗೆ ಮಲಬಾರಿನಲ್ಲಿ ಕಣ್ಣು ಬಿಟ್ಟರೆ ಎಲ್ಲರೂ ಎಡಗಡೆಯ ಕಿಟಕಿಗೆ. ತೆಂಗಿನ ಸಾಲಿನ ನಡುವೆ ಒಂದು ನೀಲಿಯ ಗೆರೆ ಹೊಳೆದು ಮರೆಯಾಗುವುದು. ಮೊದಲು ಕಂಡವರಿಗೆ ಮದರಾಸಿನಲ್ಲಿ ಕೊಂಡ ಪೆಪ್ಪರಮಿಂಟು. ಕಾಸರಗೋಡು ಬಂದಾಗ, 1956ರ ರಾಜ್ಯ ವಿಂಗಡಣೆಯಲ್ಲಿ ಅದು ಕೇರಳಕ್ಕೆ ಸೇರಿತ್ತೆಂಬುದು ನಮಗೇನು ಗೊತ್ತು! ಪ್ಲಾಟ್‌ಫಾರಂ ಮೇಲೆ ನಮ್ಮವರಲ್ಲದ ಬಾಯಿಂದ ಕನ್ನಡ ಕೇಳಿಬರುತ್ತಿತ್ತು. ಅಷ್ಟಕ್ಕೇ ನಮಗೆ ಊರು ಬಂದಂತೆ. ಕುಂಬಳೆ, ಗೋವಿಂದ ಪೈಗಳ ಮಂಜೇಶ್ವರ, ಉಳ್ಳಾಲ ದಾಟಿ ನೇತ್ರಾವತಿಯ ಸೇತುವೆಯ ಮೇಲೆ ಗಾಡಿ ಗುಡುಗುವಾಗ ಕೊನೆಯ ಪೈಸೆ. ಆಮೇಲೆ ಸಿ.ಪಿ.ಸಿ. ಬಸ್ಸು, ಆಮೇಲೆ ಹೊಯಿಗೆಯಲ್ಲಿ ನಡಿಗೆ. ತುಳಸಿಕಟ್ಟೆಯ ಬಳಿ ನಿಂತಿರುತ್ತಿದ್ದ ಅಜ್ಜಿ ಮೊದಲು ನಮ್ಮ ತಲೆಯ ಮಸಿ ನೋಡಿ ನಗುವರು, ಆಮೇಲೆ ಮೈ ಸವರುವರು.

ಅಜ್ಜಿಯ ಮಾತು ತುಳು, ಬರೆಹ ಕನ್ನಡ. ಕರಾವಳಿಯ ಎಷ್ಟೋ ಮನೆಗಳ ಕ್ರಮ ಇಂದಿಗೂ ಅದೇ. ತಿಂಗಳಿಗೊಂದರಂತೆ ಅವರ ಕಾರ್ಡು ದೆಹಲಿಗೆ ಬರುತ್ತಿತ್ತು. ಶಾಲೆಯಲ್ಲಿ ಹಿಂದಿ, ಇಂಗ್ಲಿಷು ಕಲಿಯುತ್ತಿದ್ದ ನಾವು ಮನೆಯಲ್ಲಿ ಕನ್ನಡದ ಅಕ್ಷರ ಕೂಡಿಸಿ ಓದಲು ಕಲಿತದ್ದು ಆ ಕಾರ್ಡುಗಳಿಂದ. ಅದರಲ್ಲಿ ಕಪಿಲೆ ಕರು ಹಾಕಿದ್ದು, ಹಲಸು ಕಾಯಿ ಕಚ್ಚಿದ್ದು, ಕಡಲು ಎಷ್ಟು ಮುಂದೆ ಬಂತೆಂಬುದು ಇರುತ್ತಿತ್ತು. ಊರಿಗೆ ಹೋದ ಕೂಡಲೇ ಅದನ್ನೆಲ್ಲ ಕಣ್ಣಾರೆ ನೋಡಿ ಖಾತ್ರಿ ಮಾಡಿಕೊಳ್ಳುವುದು ನಮ್ಮ ಮೊದಲ ಕೆಲಸ.

ಕಡಲಿಗೆ ಇಳಿಯಲು ಅಜ್ಜಿಯ ಪಂಚಾಂಗವಿತ್ತು. ತುಳುವರ ಬೇಶ ತಿಂಗಳ ಹತ್ತನೆಯ ದಿನವೇ ಪತ್ತನಾಜೆ. ಮೇ 24-25ರ ಸುಮಾರಿಗೆ ಬರುತ್ತದೆ. ಅಂದಿಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಭೂತಕೋಲಗಳು ನಿಲ್ಲುತ್ತವೆ. ಅಜ್ಜಿಯ ಪ್ರಕಾರ ಅಂದಿನಿಂದ ಕಡಲೂ ಮಕ್ಕಳಿಗೆ ನಿಷಿದ್ಧ. ಹೀಗಾಗಿ ಮೇ ಮಧ್ಯದಲ್ಲಿ ತಲುಪಿದ ನಮಗೆ ನೀರಾಟಕ್ಕೆ ಸಿಗುತ್ತಿದ್ದುದು ಹೆಚ್ಚೆಂದರೆ ಹತ್ತು ದಿನ. ಮಿಕ್ಕ ದಿನಗಳಲ್ಲಿ ಚಾಪೆಯ ಮೇಲೆ ಒಣಹಾಕಿದ ಹಲಸಿನ ಹಪ್ಪಳವನ್ನು ಕಾಗೆಯಿಂದ ಕಾಯುವುದು, ಬೆಳಗ್ಗೆ ಕುಚ್ಚಲಕ್ಕಿ ಗಂಜಿಗೆ ಮಾವಿನ ಮಿಡಿ ನಂಚಿಕೊಳ್ಳುವುದು, ಸಂಜೆ ದಂಡೆಯಲ್ಲಿ ಕೂತು ಕಡಲು ದಿನದಿಂದ ದಿನಕ್ಕೆ ಬಣ್ಣಗೆಡುವುದನ್ನು ನೋಡುವುದು. ಜೂನ್ ಮೊದಲ ವಾರದ ಒಂದು ರಾತ್ರಿ ಹಂಚಿನ ಮೇಲೆ ಮಳೆ ಬೀಳುವ ಸದ್ದಿಗೆ ಎಚ್ಚರವಾಗುತ್ತಿತ್ತು. ದೆಹಲಿಯ ಲೂ ಗಾಳಿ ಆಗ ಬೇರೆ ಯಾವುದೋ ದೇಶದ್ದು.

ಆ ಹತ್ತು ದಿನಗಳಲ್ಲಿ ಮೊಗವೀರರ ಬಲೆ ಎಳೆಯುವುದೊಂದು ಹಬ್ಬ. ದೊಡ್ಡ ರಂಪಣಿಗೆ ಎಪ್ಪತ್ತು ಎಂಬತ್ತು ಜನ ಬೇಕು, ಅದರ ಸುಗ್ಗಿ ಮಳೆಗಾಲದ ನಂತರ. ಮೇ ತಿಂಗಳಲ್ಲಿ ನಮ್ಮ ಕಣ್ಣಿಗೆ ಬೀಳುತ್ತಿದ್ದುದು ಅದರ ಕಿರಿಯ ರೂಪವಾದ ಕೈರಂಪಣಿ. ದೋಣಿ ಬಲೆಯನ್ನು ಅರ್ಧಚಂದ್ರಾಕಾರವಾಗಿ ಬಿಟ್ಟು ದಡಕ್ಕೆ ಬರುವುದು. ಎರಡೂ ತುದಿಯ ಹಗ್ಗ ಹಿಡಿದು ಎರಡು ಗುಂಪು ಎಳೆಯುವುದು. ಹಗ್ಗಕ್ಕೆ ಕೈ ಕೊಡುವವರ ಜಾತಿ, ಊರು ಯಾರೂ ಕೇಳುತ್ತಿರಲಿಲ್ಲ. ಮೀನು ಮುಟ್ಟದ ಮನೆಯ ಹುಡುಗರೂ ಎಳೆದರು, ನಾವೂ ಎಳೆದೆವು. ಅವರು ನಮ್ಮನ್ನು ನೋಡಿ "ಬಲೆ, ಬಲೆ" ಎಂದು ಕೂಗುವರು. ನಾವು "ಹೌದು, ಬಲೆ" ಎಂದು ತಲೆಯಾಡಿಸಿ ನಿಂತಲ್ಲೇ ನಿಲ್ಲುವೆವು. ತುಳುವಿನಲ್ಲಿ 'ಬಲೆ' ಎಂದರೆ 'ಬನ್ನಿ' ಎಂದು ತಿಳಿಯಲು ಒಂದು ರಜೆ ಹಿಡಿಯಿತು. ಇಂದಿಗೂ ನಮ್ಮಲ್ಲಿ ಯಾರ ಮನೆಗೆ ಯಾರು ಹೋದರೂ ಬಾಗಿಲಲ್ಲಿ ಕೇಳಿಬರುವ ಮಾತು ಅದೇ.

ಇಂಥ ಕಥೆ ನಮ್ಮದೊಂದೇ ಅಲ್ಲ. ಇಂಗ್ಲೆಂಡಿನ ಲ್ಯಾಂಕಾಷೈರಿನ ಹತ್ತಿಗಿರಣಿಯ ಊರುಗಳಲ್ಲಿ ಬೇಸಗೆಯ ಒಂದು ವಾರ ಗಿರಣಿಗಳೆಲ್ಲ ಮುಚ್ಚುತ್ತಿದ್ದವು. ಊರಿಗೆ ಊರೇ ರೈಲು ಹತ್ತಿ ಬ್ಲ್ಯಾಕ್‌ಪೂಲಿನ ಕಡಲತೀರಕ್ಕೆ ಹೋಗುತ್ತಿತ್ತು. 1938ರಲ್ಲಿ ಅಲ್ಲಿ ಸಂಬಳಸಹಿತ ರಜೆಯ ಕಾನೂನು ಬಂತು. ಯುದ್ಧ ಮುಗಿದ ಮೇಲೆ ಕೂಲಿಕಾರರ ಕುಟುಂಬಗಳು ಬಕೆಟ್ಟು, ಮರಳು ತೋಡುವ ಸಲಿಕೆ ಹಿಡಿದ ಮಕ್ಕಳೊಡನೆ ತೀರದ ಬಾಡಿಗೆ ಮನೆಗಳಲ್ಲಿ ತುಂಬಿದವು. ಆಮೇಲೆ 1963ರ ಬೀಚಿಂಗ್ ವರದಿಯಿಂದಾಗಿ ಹಲವು ಸಣ್ಣ ರೈಲುಮಾರ್ಗಗಳು ಮುಚ್ಚಿದವು. ಅಗ್ಗದ ವಿಮಾನದಲ್ಲಿ ಜನ ಸ್ಪೇನಿನ ಬಿಸಿಲಿಗೆ ಹಾರಿದರು. ರಜೆ, ರೈಲು, ಕಡಲು ಎಂಬ ಮೂರರ ಕೂಟ ಅಲ್ಲಿಯೂ ಇಲ್ಲಿಯೂ ಒಂದೇ. ಆದರೆ ಒಂದು ಭೇದವುಂಟು. ಅವರು ಇಳಿದದ್ದು ಹಣ ಕೊಟ್ಟು ಹಿಡಿದ ಕೋಣೆಯಲ್ಲಿ. ನಾವು ಇಳಿದದ್ದು ನಮ್ಮನ್ನು ಎರಡು ವರ್ಷ ಕಾದ ಮನೆಯಲ್ಲಿ. ಅವರು ಕೆಲಸದ ಊರನ್ನು ಮರೆಯಲು ಕಡಲಿಗೆ ಹೋದರು. ನಮ್ಮನ್ನು ತಂದೆಯವರು ಊರನ್ನು ಮರೆಯದಿರಲೆಂದು ಕರೆದೊಯ್ದರು.

ಕೂಟ ನಮ್ಮಲ್ಲಿಯೂ ಬಿಚ್ಚಿತು, ಆದರೆ ತಿರುವುಮುರುವಾಗಿ. ಅವರ ಊರುಗಳಿಗೆ ರೈಲು ತಪ್ಪಿತು. ನಮ್ಮ ಊರಿಗೆ ರೈಲು ಬಂತು. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸರು ರೈಲ್ವೆ ಮಂತ್ರಿಗಳಾಗಿದ್ದಾಗ, 1990ರಲ್ಲಿ, ಕೊಂಕಣ ರೈಲ್ವೆ ನಿಗಮ ಸ್ಥಾಪನೆಯಾಯಿತು. 1998ರ ಗಣರಾಜ್ಯೋತ್ಸವದಂದು ಸುಮಾರು 740 ಕಿಲೋಮೀಟರಿನ ಆ ಮಾರ್ಗ ಪೂರ್ತಿಯಾಗಿ ಸಂಚಾರಕ್ಕೆ ತೆರೆದುಕೊಂಡಿತು. ಈಗ ನಿಜಾಮುದ್ದೀನಿನಲ್ಲಿ ಹತ್ತಿದವರು ಗಾಡಿ ಬದಲಿಸದೆ ಉಡುಪಿಯಲ್ಲಿ ಇಳಿಯಬಹುದು. ವಿಮಾನವಾದರೆ ಮಂಗಳೂರಿಗೆ ಮೂರು ತಾಸು. ದೂರ ಕರಗಿದೆ. ಆದರೆ 1974ರಲ್ಲಿ ಅಜ್ಜಿ ತೀರಿಕೊಂಡ ಮೇಲೆ ನಾವು ಊರಿಗೆ ಹೋದದ್ದೆಲ್ಲ ಮದುವೆ, ಬೊಜ್ಜಗಳಿಗೆ. ಎರಡು ದಿನ, ಮೂರು ದಿನ. ನಮ್ಮ ಮಕ್ಕಳು ಕಡಲನ್ನು ನೋಡಿದ್ದಾರೆ, ಗೋವೆಯಲ್ಲಿ, ಪುರಿಯಲ್ಲಿ. ಬದಖಲ್ ಕೆರೆಯ ದೋಣಿಯನ್ನೂ ನೋಡಿದ್ದಾರೆ, ಆ ಕೆರೆ ಆಮೇಲೆ ಬತ್ತಿಹೋಯಿತು. ಮೊಮ್ಮಕ್ಕಳು ನೋಯಿಡಾದ ಜಲವಿಹಾರದಲ್ಲಿ ಯಂತ್ರ ಎಬ್ಬಿಸುವ ಅಲೆಗೆ ಮೈಯೊಡ್ಡುತ್ತಾರೆ.

ತೀರವೂ ಬದಲಾಗಿದೆ. 1970ರ ದಶಕದ ಮಧ್ಯದಲ್ಲಿ ಯಾಂತ್ರಿಕ ದೋಣಿಗಳ ಪರ್ಸೀನ್ ಬಲೆ ಬಂದು, ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿ ಮೂಲೆ ಸೇರಿತು. ಹತ್ತಿರದ ಪಡುಬಿದ್ರಿಯ ತೀರಕ್ಕೆ 2020ರಲ್ಲಿ ಸ್ವಚ್ಛತೆಗಾಗಿ 'ಬ್ಲೂ ಫ್ಲ್ಯಾಗ್' ಮನ್ನಣೆ ಬಂತು. ಆ ವರ್ಷ ಅದನ್ನು ಪಡೆದ ದೇಶದ ಎಂಟು ತೀರಗಳಲ್ಲಿ ಅದೊಂದು. ಸಂತೋಷದ ಸಂಗತಿಯೇ. ಆದರೆ ನಮ್ಮೂರಿನ ದಂಡೆಯಲ್ಲಿ ಕೊರೆತ ತಡೆಯಲೆಂದು ಬಂಡೆಗಲ್ಲುಗಳನ್ನು ಸುರಿದಿದ್ದಾರೆ. ನಾವು ಹಗ್ಗ ಎಳೆದ ಹೊಯಿಗೆ ಆ ಬಂಡೆಗಳಡಿಯಲ್ಲಿದೆ.

ಇದನ್ನೆಲ್ಲ ಈಗ ಬರೆಯಲು ಕಾರಣವುಂಟು. ಕಳೆದ ಚಳಿಗಾಲದಲ್ಲಿ ಊರಿನಿಂದ ಚಿಕ್ಕಪ್ಪನ ಮಗ ಫೋನು ಮಾಡಿದ. ಅವನು ಪಕ್ಕದಲ್ಲೇ ತಾರಸಿಯ ಮನೆ ಕಟ್ಟಿಕೊಂಡಿದ್ದಾನೆ. ಹಳೆಯ ಮನೆಯ ಪಕಾಸಿಗೆ ಗೆದ್ದಲು ಹಿಡಿದಿದೆ, ಹಂಚು ಜಾರುತ್ತಿದೆ. ಕಡಲ ಬದಿಯ ಜಾಗವೆಂದು ವಸತಿಗೃಹ ಕಟ್ಟುವವರೊಬ್ಬರು ಒಳ್ಳೆಯ ಬೆಲೆ ಹೇಳಿದ್ದಾರೆ. ನಿಮ್ಮ ಮೂವರ ಸಹಿ ಬೇಕು. "ನಿಮಗೆ ಬೇಡವೆಂದಾದರೆ ಬೇಡ. ಆದರೆ ಅಣ್ಣಾ, ಒಬ್ಬನೇ ಎಷ್ಟು ಮಳೆಗಾಲ ಅಂತ ಕಾಯಲಿ?" ಎಂದ. ಅವನ ಮಾತಿನಲ್ಲಿ ತಪ್ಪಿಲ್ಲ. ಮನೆಯನ್ನು ಕಾದವನು ಅವನು, ನೆನಪನ್ನು ಮಾತ್ರ ಕಾದವರು ನಾವು.

ಜನಕಪುರಿಯ ಮನೆಯಲ್ಲಿ ಕೂತು ಮಾತಾಡಿದೆವು. ಒಬ್ಬರು ಮಾರೋಣವೆಂದರು: ಕಡಲು ಹೇಗೂ ಒಂದು ದಿನ ನುಂಗುತ್ತದೆ. ಒಬ್ಬರು ಬೇಡವೆಂದರು. ಇನ್ನೊಬ್ಬರು ತಂದೆಯವರ ಹಳೆಯ ಫೈಲು ತೆಗೆದರು. 1979ರಲ್ಲಿ ನಿವೃತ್ತರಾಗಿ, ಇಲ್ಲಿಯೇ ಡಿ.ಡಿ.ಎ. ಫ್ಲ್ಯಾಟು ಕೊಂಡು, ಇಲ್ಲಿಯೇ ಕಣ್ಣು ಮುಚ್ಚಿದವರು ಅವರು. ಹೋಮ್ ಟೌನನ್ನು ಒಂದು ಸಲ ಬದಲಿಸುವ ಅವಕಾಶವಿದ್ದರೂ ಅದನ್ನು ಬಳಸಿರಲಿಲ್ಲ. ಕಾಗದದಲ್ಲಿ ಕೊನೆಯ ತನಕ ಅದೇ ಊರು. ನಾವಿದ್ದ ಸರೋಜಿನಿ ನಗರದ ಕ್ವಾರ್ಟರ್ಸುಗಳು ಹೊಸ ಗೋಪುರಗಳಿಗಾಗಿ ನೆಲಸಮವಾಗಿವೆ. ಹಳೆಯ ಮನೆಯೂ ಹೋದರೆ, ನಾವು ಬೆಳೆದ ಸೂರು ಎಂದು ಮಕ್ಕಳಿಗೆ ತೋರಿಸಲು ಒಂದೂ ಉಳಿಯದು.

ಕೊನೆಗೆ ಆದ ತೀರ್ಮಾನ ಇಷ್ಟು. ಈ ವರ್ಷ ಸಹಿ ಇಲ್ಲ. ಪಕಾಸು, ಹಂಚಿನ ಖರ್ಚು ಮೂವರದೂ ಸಮಪಾಲು. ಹಣವನ್ನು ತಮ್ಮನಿಗೆ ಆಗಲೇ ಕಳುಹಿಸಿದ್ದೇವೆ. ಮೇ ತಿಂಗಳಲ್ಲಿ ಮಕ್ಕಳು ಮೊಮ್ಮಕ್ಕಳು ಸೇರಿ ಹನ್ನೊಂದು ಮಂದಿ ಹೋಗುವುದು, ರೈಲಿನಲ್ಲಿಯೇ. ಇರುವುದು ಹದಿನೈದು ದಿನಕ್ಕೆ ಕಡಿಮೆಯಿಲ್ಲ, ಮಲಗುವುದು ಹಳೆಯ ಚಾವಡಿಯಲ್ಲಿ. ಗುರುಗ್ರಾಮದ ಕಂಪನಿಯಲ್ಲಿರುವ ಮಗನಿಗೆ ಅಷ್ಟು ರಜೆ ಸಿಗುವುದೇ ಕಷ್ಟವಾಯಿತು. ಕೊನೆಗೆ ಒಂಬತ್ತು ದಿನ ಸಿಕ್ಕಿದೆ. ಹೋಗಿ ಬಂದ ಮೇಲೆ, ಮನೆ ಬೇಕೋ ಬೇಡವೋ ಎಂದು ಮಕ್ಕಳೂ ಹೇಳಲಿ. ಅವರಿಗೆ ಬೇಡವೆಂದಾದರೆ ನಾವು ಹಟ ಹಿಡಿಯುವುದಿಲ್ಲ.

ಓದುಗ ಬಂಧುಗಳಲ್ಲಿ ಅನೇಕರ ಊರಿನಲ್ಲಿ ಇಂಥದೊಂದು ಮನೆ ಬೀಗ ಹಾಕಿಕೊಂಡು ನಿಂತಿರಬಹುದು. ಸಹಿಗಾಗಿ ಫೋನು ಬಂದಿರಲೂಬಹುದು. ಏನು ಮಾಡಬೇಕೆಂದು ಹೇಳಲು ನಾವು ಯಾರು? ಆದರೆ ಸಹಿ ಹಾಕುವ ಮುನ್ನ ಒಂದು ಸಲ ಮಕ್ಕಳನ್ನು ಕರೆದುಕೊಂಡು ಹೋಗಿ, ಆ ಸೂರಿನ ಕೆಳಗೆ ಅವರನ್ನು ಮಲಗಿಸಿ. ನಮ್ಮ ಟಿಕೇಟು ಆಗಿದೆ. ಪತ್ತನಾಜೆಗೆ ಹತ್ತು ದಿನ ಮುಂಚೆ ತಲುಪುತ್ತೇವೆ.