ಬೆಣ್ಣೆದೋಸೆಯ ಊರಿನಲ್ಲಿ ಒಂದು ಬಂದೂಕು

ದಾವಣಗೆರೆಗೆ ಹೋಗಿ ಬಂದೆ ಎಂದರೆ ನೀವು ಕೇಳುವ ಮೊದಲ ಪ್ರಶ್ನೆ ನನಗೆ ಗೊತ್ತು. "ಬೆಣ್ಣೆದೋಸೆ ತಿಂದಿರಾ?" ತಿಂದೆವು. ನಾಲ್ಕು ದಿನದಲ್ಲಿ ಐದು ಸಲ! ಅಕ್ಕಿ, ಉದ್ದಿನ ಜೊತೆಗೆ ನೆನೆಸಿದ ಮಂಡಕ್ಕಿಯನ್ನೂ ಹಾಕಿ ರುಬ್ಬುವುದೇ ಅಲ್ಲಿಯ ಗುಟ್ಟು. ನೀವೂ ಒಮ್ಮೆ ಮಾಡಿ ನೋಡಿ, ಬೆಣ್ಣೆಗೆ ಮಾತ್ರ ಜಿಪುಣತನ ಬೇಡ. ಆದರೆ ಈ ಸಲ ನಾನು ಬರೆಯಲು ಕುಳಿತದ್ದು ದೋಸೆಯ ಬಗ್ಗೆ ಅಲ್ಲ. ಮನೆಯಲ್ಲಿ ಹದಿವಯಸ್ಸಿನ ಮಕ್ಕಳಿರುವ ನಿಮಗೆಲ್ಲ ಹೇಳಲೇಬೇಕಾದ ಸಂಗತಿಯೊಂದು ಅಲ್ಲಿ ನಡೆಯಿತು.

ನಮ್ಮೂರು ಸಾಗರ. ಬೇಸಿಗೆ ರಜಕ್ಕೆ ನಾನೂ ಹನ್ನೊಂದು ವರ್ಷದ ಮಗಳೂ ದಾವಣಗೆರೆಯ ತಂಗಿಯ ಮನೆಗೆ ಹೊರಟೆವು. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ಟಿನ ಖರ್ಚಿಲ್ಲವಲ್ಲ, ತವರಿನವರನ್ನು ನೋಡುವ ಆಸೆಗೂ ರೆಕ್ಕೆ ಬಂದಿದೆ. ಶಿವಮೊಗ್ಗ, ಹೊನ್ನಾಳಿ ದಾಟಿ ಹರಿಹರದ ಹತ್ತಿರ ಬರುವಷ್ಟರಲ್ಲಿ ನಮ್ಮ ಕಡೆಯ ಹಸಿರೆಲ್ಲ ಹಿಂದೆ ಉಳಿದು, ಭತ್ತದ ಗದ್ದೆಗಳೂ ಸುಡುಬಿಸಿಲೂ ಎದುರಾದವು.

ತಂಗಿಯ ಮನೆ ಇರುವುದು ವಿದ್ಯಾನಗರದಲ್ಲಿ. ದಾವಣಗೆರೆ ಎಂದರೆ ಹತ್ತಿ ಗಿರಣಿಗಳ ಊರು ಎಂದು ನಾವು ಶಾಲೆಯಲ್ಲಿ ಓದಿದವರು. ಈಗ ಗಿರಣಿಯ ಸದ್ದು ಅಡಗಿ ಕಾಲೇಜುಗಳ ಗಂಟೆ ಕೇಳಿಸುತ್ತದೆ. ವಿದ್ಯಾನಗರ ಹೆಸರಿಗೆ ತಕ್ಕ ಬಡಾವಣೆ. ಬೆಳಗಾದರೆ ಬೆನ್ನಿಗೆ ಚೀಲ ಏರಿಸಿದ ಹುಡುಗ ಹುಡುಗಿಯರು, ಸಂಜೆಯಾದರೆ ಗಿರ್ಮಿಟ್ಟು, ಮಿರ್ಚಿಯ ಗಾಡಿಗಳು. ಕುಂದುವಾಡ ಕೆರೆಯ ದಂಡೆಯ ಮೇಲೆ ವಾಕಿಂಗ್ ಹೋಗುವವರ ಸಾಲೇ ಸಾಲು. ನೀರಿನಲ್ಲಿ ಮುಳುಗಿ ಏಳುವ ನೀರುಕಾಗೆಗಳನ್ನು ನೋಡುತ್ತ ನಾನೂ ತಂಗಿಯೂ ಅತ್ತೆ ಮನೆ, ತವರು ಮನೆಯ ಸುದ್ದಿಯನ್ನೆಲ್ಲ ಅಲ್ಲೇ ಮುಗಿಸಿದೆವು.

ಮೂರನೆಯ ದಿನ ಬೆಳಿಗ್ಗೆ ಮಾಳಿಗೆಯ ಮೇಲೆ ಬಾಳಕದ ಮೆಣಸಿನಕಾಯಿ ಒಣಗಲು ಹಾಕಿ ಕೆಳಗಿಳಿದಿದ್ದೆ. "ಟಪ್, ಟಪ್" ಎಂಬ ಸದ್ದು, ಅದರ ಹಿಂದೆಯೇ ಮಗಳ ಕಿರುಚಾಟ! ಓಡಿ ಹೋಗಿ ನೋಡುತ್ತೇನೆ, ಅವಳು ಎಡಗಣ್ಣು ಮುಚ್ಚಿಕೊಂಡು ಕುಕ್ಕರಿಸಿದ್ದಾಳೆ. ಪಿಯುಸಿ ಓದುವ ತಂಗಿಯ ಮಗ ಬಿಳಿಚಿಕೊಂಡು ನಿಂತಿದ್ದಾನೆ. ಅವನ ಕೈಯಲ್ಲೊಂದು ಕರೀ ಪಿಸ್ತೂಲು! ಸಿನಿಮಾದಲ್ಲಿ ಪೊಲೀಸರ ಸೊಂಟದಲ್ಲಿ ಇರುತ್ತದಲ್ಲ, ತದ್ರೂಪು ಅಂಥದ್ದೇ. ನನ್ನ ಕೈಕಾಲು ತಣ್ಣಗಾಯಿತು.

"ದೊಡ್ಡಮ್ಮ, ಇದು ನಿಜದ್ದಲ್ಲ, ಏರ್‌ಸಾಫ್ಟ್. ಬರೀ ಪ್ಲಾಸ್ಟಿಕ್ ಗುಂಡು. ಡಬ್ಬಕ್ಕೆ ಹೊಡೆದಿದ್ದೆ, ಗೋಡೆಗೆ ಬಡಿದು ಹಾರಿಬಿಡ್ತು" ಎಂದು ಅಳತೊಡಗಿದ.

ಆ ಗುಂಡನ್ನು ಆಮೇಲೆ ನೋಡಿದೆ. ಆರು ಮಿಲಿಮೀಟರಿನ ಬಿಳಿಯ ಮಣಿ, ಜಪಮಾಲೆಯಿಂದ ಉದುರಿದಂತೆ. ತೂಕ ಒಂದು ಗ್ರಾಮಿನ ಐದನೆಯ ಒಂದು ಭಾಗದಷ್ಟು. ಅಷ್ಟೇ ತಾನೆ ಎನ್ನಬೇಡಿ. ಹುಬ್ಬಿನ ಕೆಳಗೆ ತಗುಲಿ ಕೆಂಪಗೆ ಗುಳ್ಳೆ ಎದ್ದಿತ್ತು. ಒಂದು ಬೆರಳಷ್ಟು ಕೆಳಗೆ ಬಿದ್ದಿದ್ದರೆ?

ತಂಗಿಯ ಅತ್ತೆ "ಹರಳೆಣ್ಣೆ ಬಿಡ್ರಿ, ತಂಪಾಕೈತಿ" ಎಂದರು. ದಯವಿಟ್ಟು ಬಿಡಬೇಡಿ, ಸೋದರಿಯರೇ. ಕಣ್ಣಿಗೆ ಪೆಟ್ಟಾದಾಗ ಉಜ್ಜಬಾರದು, ಒತ್ತಬಾರದು, ಎಣ್ಣೆ, ಹಾಲು, ಮನೆಮದ್ದು ಯಾವುದೂ ಬೇಡ. ಸ್ವಚ್ಛವಾದ ಚಿಕ್ಕ ಬಟ್ಟಲನ್ನು ಕಣ್ಣಿಗೆ ತಾಗದಂತೆ ಮೇಲೆ ಮರೆಯಾಗಿ ಹಿಡಿದು ನೇರ ಕಣ್ಣಿನ ಡಾಕ್ಟರ ಬಳಿ ಹೋಗಬೇಕು. ಹೊರಗೆ ಏನೂ ಕಾಣದಿದ್ದರೂ ಕಣ್ಣಿನ ಒಳಗೆ ರಕ್ತ ಇಳಿದಿರಬಹುದು. ಅದು ಅವರ ಯಂತ್ರಕ್ಕೇ ಕಾಣಬೇಕು. ನಮ್ಮ ಪುಣ್ಯ, ಡಾಕ್ಟರು ದೀಪ ಹಾಕಿ ನೋಡಿ "ಕಣ್ಣಿಗೆ ಏನೂ ಆಗಿಲ್ಲ" ಎಂದರು. ಆ ಮಾತು ಬರುವವರೆಗಿನ ಅರ್ಧ ಗಂಟೆಯಲ್ಲಿ ನಾನು ಎಷ್ಟು ದೇವರಿಗೆ ಹರಕೆ ಹೊತ್ತೆನೋ ನನಗೇ ಲೆಕ್ಕವಿಲ್ಲ.

ಸಂಜೆ ಪಂಚಾಯಿತಿ. ಹುಡುಗ ಅದನ್ನು ಬೆಂಗಳೂರಿನ ಗೆಳೆಯನೊಬ್ಬನಿಂದ ಕೂಡಿಟ್ಟ ದುಡ್ಡಿಗೆ ಕೊಂಡಿದ್ದನಂತೆ. ಬಿಲ್ಲು ಇಲ್ಲ, ಕಾಗದ ಇಲ್ಲ. ಅವನ ಅಪ್ಪ ಬೈದರು, ತಂಗಿ ಅತ್ತಳು. ಪಕ್ಕದ ಮನೆಯ ವಯಸ್ಸಾದ ವಕೀಲರು ಮಾತ್ರ ಕಾಫಿ ಕುಡಿಯುತ್ತ ಸಮಾಧಾನವಾಗಿ ಕಾನೂನು ಬಿಡಿಸಿ ಹೇಳಿದರು. ನಮಗೆಲ್ಲ ಅದು ಹೊಸ ಪಾಠ.

ನಮ್ಮ ದೇಶದಲ್ಲಿ ಬಂದೂಕಿನ ವಿಷಯಕ್ಕೆಲ್ಲ 1959ರ ಶಸ್ತ್ರಾಸ್ತ್ರ ಕಾಯ್ದೆಯೇ ತಳಹದಿ. ಅದರ ಕೆಳಗೆ 2016ರಲ್ಲಿ ಹೊಸ ನಿಯಮಗಳು ಬಂದವು. ಗಾಳಿಯ ಒತ್ತಡದಿಂದ ಹೊಡೆಯುವ ಏರ್‌ಗನ್‌ಗೆ ಒಂದು ವಿನಾಯಿತಿ ಇದೆ. ನಳಿಗೆಯ ಒಳಗಿನ ಅಗಲ 4.5 ಮಿಲಿಮೀಟರ್ ಮೀರಬಾರದು, ಗುಂಡಿನ ಶಕ್ತಿ 20 ಜೌಲ್ ಮೀರಬಾರದು. ಇವೆರಡರೊಳಗೆ ಇದ್ದರೆ ಕೊಳ್ಳುವವರಿಗೆ ಲೈಸೆನ್ಸ್ ಬೇಡ. ಮೀರಿದರೆ ಜಿಲ್ಲಾಧಿಕಾರಿಗಳ ಕಚೇರಿಗೆ ಅರ್ಜಿ ಹಾಕಿ ಲೈಸೆನ್ಸ್ ಪಡೆಯಬೇಕು.

"ಹಂಗಾದ್ರೆ ನಂದು ಒಂದು ಜೌಲ್ ಆಸುಪಾಸು ಅಷ್ಟೇ ಅಲ್ರೀ ಸರ್?" ಎಂದ ಹುಡುಗ, ಸ್ವಲ್ಪ ಧೈರ್ಯ ಬಂದು.

"ಶಕ್ತಿ ಕಡಿಮೆ ಐತಪ್ಪ. ನಳಿಗೆ ಎಷ್ಟು? ಆರು ಮಿಲಿಮೀಟರು. ನಾಲ್ಕೂವರೆ ದಾಟಿತಲ್ಲ!" ಎಂದರು ವಕೀಲರು. ಅಷ್ಟೇ ಅಲ್ಲ, ನಿಜವಾದ ಬಂದೂಕಿನ ಪ್ರತಿಕೃತಿಗಳನ್ನೂ, ಬಣ್ಣದ ಗುಂಡು ಹಾರಿಸುವ ಪೇಂಟ್‌ಬಾಲ್ ಬಂದೂಕುಗಳನ್ನೂ 2016ರ ನಿಯಮಗಳು ಹೆಸರು ಹಿಡಿದೇ ತಮ್ಮ ಪಟ್ಟಿಗೆ ಸೇರಿಸಿವೆ. ಹೊರದೇಶದಿಂದ ಅಂಚೆಯಲ್ಲಿ ತರಿಸಿಕೊಳ್ಳೋಣವೆಂದರೆ ಕಸ್ಟಮ್ಸಿನವರು ತಡೆದು ಇಟ್ಟುಕೊಳ್ಳುತ್ತಾರೆ. ಇನ್ನು ಕತ್ತಲಲ್ಲಿ ಯಾರಿಗಾದರೂ ಅದನ್ನು ತೋರಿಸಿ ತಮಾಷೆ ಮಾಡಿದರೆ, ಹೆದರಿದವರಿಗೆ ಅದು ಆಟಿಕೆ ಎಂದು ಗೊತ್ತಾಗುವುದು ಹೇಗೆ? ಎದುರಿಗೆ ನಿಂತ ಪೊಲೀಸನಿಗೆ? ಅಮೆರಿಕದಲ್ಲಿ ಆಟಿಕೆ ಬಂದೂಕಿನ ಮೂತಿಗೆ ಕಿತ್ತಳೆ ಬಣ್ಣ ಇರಬೇಕೆಂಬ ನಿಯಮ ಇರುವುದು ಇದೇ ಕಾರಣಕ್ಕೆ. ನಮ್ಮ ಹುಡುಗನದು ಮೂತಿಯವರೆಗೂ ಕಪ್ಪು.

ಈ ಏರ್‌ಸಾಫ್ಟ್ ಆಟ ಹುಟ್ಟಿದ್ದು 1970ರ ದಶಕದ ಜಪಾನಿನಲ್ಲಂತೆ. ಅಲ್ಲಿ ಸಾಮಾನ್ಯರು ನಿಜವಾದ ಬಂದೂಕು ಇಟ್ಟುಕೊಳ್ಳುವುದು ಬಹಳ ಕಷ್ಟ, ಅದಕ್ಕೆ ಬದಲಾಗಿ ಹುಟ್ಟಿದ ಹವ್ಯಾಸ ಇದು. ಆಡುವವರು ಕಣ್ಣಿಗೆ ಭದ್ರವಾದ ಕನ್ನಡಕ ಹಾಕದೆ ಅಂಗಳಕ್ಕೇ ಇಳಿಯುವಂತಿಲ್ಲ. ನಮ್ಮ ಮಾಳಿಗೆಯಲ್ಲಿ ಕನ್ನಡಕ ಎಲ್ಲಿತ್ತು, ಹೇಳಿ?

ಹುಡುಗ ಬಿಡಲಿಲ್ಲ. "ಕೊಡಗಿನವರಿಗೆ ಮಾತ್ರ ಹೆಂಗ್ ಬಿಡ್ತಾರೆ?" ಎಂದ. ಪ್ರಶ್ನೆ ಸರಿಯಾಗಿಯೇ ಇತ್ತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಲೈಸೆನ್ಸಿನ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಮತ್ತೆ ಹತ್ತು ವರ್ಷಕ್ಕೆ, 2029ರವರೆಗೆ ವಿಸ್ತರಿಸಿತು. ಪ್ರಶ್ನಿಸಿ ಹೋದವರ ಅರ್ಜಿಯನ್ನು ನಮ್ಮ ಹೈಕೋರ್ಟು 2021ರಲ್ಲಿ ಒಪ್ಪಲಿಲ್ಲ. ಕೈಲ್ ಪೋಳ್ದ್ ಹಬ್ಬದಲ್ಲಿ ಅವರು ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತಾರೆ, ತೆಂಗಿನಕಾಯಿಗೆ ಗುರಿ ಇಡುತ್ತಾರೆ. ಹೆಂಗಸರೂ ಹೊಡೆಯುತ್ತಾರೆ. "ಅವರ ಮನೆಯಲ್ಲಿ ಅದನ್ನು ಹೇಗೆ ಹಿಡೀಬೇಕು ಅಂತ ಅಜ್ಜ ಕಲಿಸಿರ್ತಾನೆ. ನಿನಗೆ ಕಲಿಸಿದ್ದು ಮೊಬೈಲು" ಎಂದರು ವಕೀಲರು. ಅವರ ಈ ಮಾತು ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ, ಅಜ್ಜ ಇದ್ದ ಮನೆಯಲ್ಲೂ ಅನಾಹುತ ಆಗುತ್ತದೆ. ಆದರೆ ಹುಡುಗ ಸುಮ್ಮನಾದ.

ಮಾರನೆಯ ದಿನ ಮನಸ್ಸು ಹಗುರಾಗಲೆಂದು ಎಲ್ಲರೂ ಹರಿಹರಕ್ಕೆ ಹೋದೆವು. ದಾವಣಗೆರೆಯಿಂದ ಅರ್ಧ ಗಂಟೆಯ ದಾರಿ. ತುಂಗಭದ್ರೆಯ ದಡದ ಹರಿಹರೇಶ್ವರನ ಗುಡಿಯನ್ನು 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ. ಗರ್ಭಗುಡಿಯಲ್ಲಿ ಒಂದೇ ಮೂರ್ತಿ, ಅರ್ಧ ಹರಿ, ಅರ್ಧ ಹರ. ತಿರುಗಣೆಯಲ್ಲಿ ಕಡೆದ ಕಂಬಗಳಿಗೆ ಕೆನ್ನೆ ಇಟ್ಟರೆ ಏಪ್ರಿಲ್ಲಿನಲ್ಲೂ ತಂಪು. ಅಲ್ಲಿ ಕುಳಿತು ತಂಗಿಯ ಗಂಡ ನಕ್ಕರು. "ನೋಡಕ್ಕ, ಇವನ ಪಿಸ್ತೂಲೂ ಹಿಂಗೇ. ಅರ್ಧ ಆಟಿಕೆ, ಅರ್ಧ ಆಯುಧ. ಯಾವ ಕಡೆಯಿಂದ ಕೈ ಮುಗೀಬೇಕೋ ತಿಳೀವಲ್ದು." ಅಪ್ಪ ನಕ್ಕದ್ದನ್ನು ನೋಡಿ ಹುಡುಗನ ಮುಖವೂ ಸಡಿಲವಾಯಿತು.

ಆಮೇಲೆ ನಾನೇ ಅವನನ್ನು ಕೇಳಿದೆ. "ನಿನಗೆ ಬೇಕಾದದ್ದು ಏನು ಮಗ? ಗುಂಡು ಹಾರಿಸುವುದೋ, ಗುರಿ ಮುಟ್ಟುವುದೋ?" ಸ್ವಲ್ಪ ಹೊತ್ತು ಯೋಚಿಸಿ "ಗುರಿ" ಎಂದ. ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ದಾವಣಗೆರೆಯಲ್ಲಿ ನಡೆಯುತ್ತದಲ್ಲ, ಅಲ್ಲಿ ಬಲೂನು ಹೊಡೆಯುವ ಅಂಗಡಿಯಲ್ಲಿ ಹತ್ತಕ್ಕೆ ಒಂಬತ್ತು ಒಡೆದಿದ್ದನಂತೆ. ಅಲ್ಲಿಂದ ಹಿಡಿದ ಹುಚ್ಚು.

ಹಾಗಾದರೆ ದಾರಿ ಇದೆ. ಒಲಿಂಪಿಕ್ಸಿನ 10 ಮೀಟರ್ ಏರ್ ರೈಫಲ್ ಇರುವುದೇ ಆ 4.5 ಮಿಲಿಮೀಟರ್ ನಳಿಗೆಯದು. ಗುರಿಹಲಗೆಯ ನಟ್ಟನಡುವಿನ ಹತ್ತು ಅಂಕದ ಚುಕ್ಕೆ ಎಷ್ಟಿದೆ ಗೊತ್ತೇ? ಅರ್ಧ ಮಿಲಿಮೀಟರು! ಸಾಸಿವೆ ಕಾಳೂ ಅದಕ್ಕಿಂತ ದಪ್ಪ. ನಮ್ಮ ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಸುಮಾ ಶಿರೂರ್ 2004ರಲ್ಲಿ ಕೌಲಾಲಂಪುರದಲ್ಲಿ ನಲವತ್ತು ಗುಂಡು ಹೊಡೆದು 400ಕ್ಕೆ 400 ಗಳಿಸಿ ವಿಶ್ವದಾಖಲೆ ಸರಿಗಟ್ಟಿದರು. ಗಾಲಿಕುರ್ಚಿಯಲ್ಲಿ ಕುಳಿತೇ ಟೋಕಿಯೋದಲ್ಲೂ ಪ್ಯಾರಿಸಿನಲ್ಲೂ ಪ್ಯಾರಾಲಿಂಪಿಕ್ಸ್ ಚಿನ್ನ ಗೆದ್ದ ಅವನಿ ಲೇಖರಾಗೆ ಗುರು ಇದೇ ಸುಮಾ. 2024ರಲ್ಲಿ ಮನು ಭಾಕರ್ ಪ್ಯಾರಿಸಿನಿಂದ ಎರಡು ಕಂಚು ತಂದದ್ದು ನಿಮಗೂ ನೆನಪಿರಬೇಕು.

ಕರ್ನಾಟಕ ರಾಜ್ಯ ರೈಫಲ್ ಸಂಸ್ಥೆ ಬೆಂಗಳೂರಿನಲ್ಲಿದೆ. ಗುರಿ ಅಭ್ಯಾಸ ಕಲಿಸುವ ಕ್ಲಬ್ಬುಗಳ ವಿಚಾರ ಅಲ್ಲಿ ಕೇಳಬಹುದು. ಕಾಲೇಜಿನಲ್ಲಿ ಎನ್‌ಸಿಸಿ ಸೇರಿದರೆ .22 ರೈಫಲ್ ಹೊಡೆಯುವುದನ್ನು ಶಿಸ್ತಾಗಿ, ಪುಕ್ಕಟೆಯಾಗಿ ಕಲಿಸುತ್ತಾರೆ. ಹುಡುಗನಿಗೆ ಇದೇ ಹಿಡಿಸಿತು. ಗೆಳೆಯರೊಡನೆ ಓಡಾಡಿ ಆಡುವ ಚಪಲಕ್ಕೆ ಬರೀ ಬೆಳಕು ಹಾಯಿಸುವ ಲೇಸರ್ ಟ್ಯಾಗ್ ಇದೆ, ಸ್ಪಂಜಿನ ತುಂಡು ಹಾರಿಸುವ ಬಣ್ಣಬಣ್ಣದ ಆಟಿಕೆಗಳಿವೆ. ಅವಕ್ಕೂ ಕಣ್ಣಿನ ಎಚ್ಚರ ಬೇಕು ಅನ್ನಿ. ಬಿಲ್ಲುಬಾಣ ಕಲಿಯಬಹುದು. ಮನೆಯಲ್ಲಿ ಲೈಸೆನ್ಸ್ ಬೇಡದ ಏರ್‌ಗನ್ ಇದ್ದರೂ ಎರಡು ಮಾತು ನೆನಪಿಡಿ. ಅದರ ಗುಂಡು ಸೀಸದ್ದು, ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ಊಟಕ್ಕೆ ಕೂರಿಸಬೇಡಿ. ಮತ್ತೆ, ಕುಂದುವಾಡ ಕೆರೆಯ ಕೊಕ್ಕರೆಗಾಗಲಿ ನಿಮ್ಮೂರಿನ ಪಾರಿವಾಳಕ್ಕಾಗಲಿ ಗುರಿ ಇಡುವಂತಿಲ್ಲ. ಕಾಡುಹಕ್ಕಿಗಳನ್ನು ಹೊಡೆಯುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ.

ನಮ್ಮ ಮಲೆನಾಡಿನ ಪೆಟ್ಲಂಡೆಯ ಕಥೆ ಹೇಳಿದಾಗ ಅವನಿಗೆ ನಗುವೋ ನಗು. ಬಿದಿರಿನ ನಳಿಗೆ, ಮುಂದೊಂದು ಹಸಿಕಾಯಿ, ಹಿಂದೊಂದು. ಕೋಲಿನಿಂದ ತಳ್ಳಿದರೆ ನಡುವೆ ಸಿಕ್ಕ ಗಾಳಿ ಒತ್ತಿಕೊಂಡು ಮುಂದಿನ ಕಾಯಿ 'ಪೆಟ್' ಎಂದು ಹಾರುತ್ತದೆ. ಏರ್‌ಗನ್ನಿನ ವಿದ್ಯೆಯೂ ಅಷ್ಟೇ ತಾನೆ? ಗಣೇಶನ ಹಬ್ಬದಲ್ಲಿ ನಮ್ಮಣ್ಣಂದಿರು ನನ್ನ ಜಡೆಗೆ ಗುರಿ ಇಡುತ್ತಿದ್ದದ್ದು ನೆನಪಾಯಿತು.

ಪಿಸ್ತೂಲನ್ನು ಏನು ಮಾಡುವುದು? ತಂಗಿ ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದಳು. ಇನ್ನೊಬ್ಬನಿಗೆ ಮಾರುವುದೂ ಬೇಡ, ಕೆರೆಗೆ ಎಸೆಯುವುದೂ ಬೇಡ ಎಂದರು ವಕೀಲರು. ಅವರೇ ಒಂದು ಅರ್ಜಿ ಬರೆದುಕೊಟ್ಟರು. ಅಪ್ಪ, ಮಗ ಇಬ್ಬರೂ ಠಾಣೆಗೆ ಹೋಗಿ ಒಪ್ಪಿಸಿ, ಬುದ್ಧಿವಾದ ಕೇಳಿಸಿಕೊಂಡು ಬಂದರು. ಅವರು ತಿರುಗಿ ಬರುವವರೆಗೆ ನಾವಿಬ್ಬರೂ ಬಾಗಿಲಲ್ಲೇ ನಿಂತಿದ್ದೆವು.

ಹೊರಡುವ ದಿನ ತಂಗಿ ಮಂಡಕ್ಕಿಯ ದೊಡ್ಡ ಚೀಲ ಕಟ್ಟಿಕೊಟ್ಟಳು. ಬಸ್ಸು ಹೊನ್ನಾಳಿ ದಾಟುವವರೆಗೂ ಮಗಳು ಮಾತಾಡಲಿಲ್ಲ. ಹುಬ್ಬಿನ ಕೆಳಗಿನ ಗುರುತು ನೀಲಿಯಿಂದ ಹಳದಿಗೆ ತಿರುಗಿತ್ತು. ಹೆದರಿದೆಯೇನೇ ಎಂದು ತಲೆ ಸವರಿದೆ.

"ಇಲ್ಲಮ್ಮ. ಕ್ಲಬ್ಬಲ್ಲಿ ರೈಫಲ್ ಕಲಿಯೋಕೆ ಎಷ್ಟು ವರ್ಷ ಆಗಬೇಕು ಅಂದ್ರು ಆ ತಾತ?"

"ಹನ್ನೆರಡು. ಅದೂ ಕಲಿಸುವವರ ಕಣ್ಣೆದುರಿಗೆ."

ಅವಳು ಬೆರಳು ಮಡಚಿ ಎಣಿಸಿದಳು. ಇನ್ನು ಏಳು ತಿಂಗಳಂತೆ.