ಶೀಸೆ ಬಿಟ್ಟರೂ ಅಂಟು ಬಿಡದು

ಜಾಮ್ ಮುಗಿದ ಮೇಲೆ ಶೀಸೆ ಎಸೆಯಲು ಕೈ ಬಾರದವರದೊಂದು ಪಂಗಡವಿದೆ. ನಾನು ಹುಟ್ಟಿನಿಂದಲೇ ಆ ಪಂಗಡದವಳು. ನಮ್ಮ ಅಡುಗೆಮನೆಯ ಅಟ್ಟದ ಮೇಲೆ ಜೇನುತುಪ್ಪದ್ದು, ಉಪ್ಪಿನಕಾಯಿಯದು, ಇನ್‌ಸ್ಟಂಟ್ ಕಾಫಿಯದು, ಒಮ್ಮೆ ಮಾತ್ರ ತಂದು ಯಾರೂ ಇಷ್ಟಪಡದ ಯಾವುದೋ ಸಾಸಿನದು ಎಂದು ಖಾಲಿ ಶೀಸೆಗಳ ಸಂತೆಯೇ ನೆರೆದಿದೆ. "ಯಾವುದಕ್ಕಾದರೂ ಬೇಕಾಗುತ್ತೆ" ಎಂಬುದು ನಮ್ಮ ಪಂಗಡದ ಮೂಲಮಂತ್ರ. ಯಾವುದಕ್ಕೆ ಎಂದು ಕೇಳಬಾರದು. ಮನೆಯವರು ಒಮ್ಮೆ ಕೇಳಿ, ಅಟ್ಟ ಒರೆಸುವ ಕೆಲಸವನ್ನು ಮೈಮೇಲೆ ಎಳೆದುಕೊಂಡರು.

ಆದರೆ ಕಾಸು ಕೊಟ್ಟು ತಂದು, ಒಳಗಿನದನ್ನು ತಿಂದು ಮುಗಿಸಿದ ಮಾತ್ರಕ್ಕೆ ಶೀಸೆ ನಮ್ಮದಾಗುವುದಿಲ್ಲ. ಅದರ ಹೊಟ್ಟೆಯ ಮೇಲೆ ಕಂಪನಿಯ ಲೇಬಲ್ ಇರುತ್ತದೆ. ಅದು ಇರುವ ತನಕ ನಾವು ಹಾಕಿಟ್ಟ ಸಾರಿನಪುಡಿ ಪರರ ಮನೆಯಲ್ಲಿ ಬಾಡಿಗೆಗಿದ್ದ ಹಾಗೆಯೇ. ಉಗುರಿನಿಂದ ಮೂಲೆ ಎಬ್ಬಿಸಿ ಎಳೆದರೆ ಮೇಲಿನ ಹೊಳಪಿನ ಪದರ ಸರಕ್ಕನೆ ಬರುತ್ತದೆ. ಬಂತೆಂದು ಹಿಗ್ಗುವಷ್ಟರಲ್ಲಿ ಕೆಳಗೆ ಬಿಳಿ ಕಾಗದದ ತರಿ. ನೆನೆಸಿ ಉಜ್ಜಿದರೆ ಅದೂ ಹೋಗುತ್ತದೆ. ಒದ್ದೆಯಿರುವಾಗ ಗಾಜು ಥಳಥಳ. ಒಣಗಿದ ಮೇಲೆ ಹಿಡಿದರೆ ಹಿಡಿದ ಕೈ ಅಲ್ಲೇ! ಕಣ್ಣಿಗೆ ಕಾಣದ ಆ ಜಿಗುಟಿಗೆ ಅಡುಗೆಮನೆಯ ಧೂಳು, ಹಿಟ್ಟಿನ ಪುಡಿ, ಒಗ್ಗರಣೆಯ ಹೊಗೆ, ದಾರಿ ತಪ್ಪಿದ ಒಂದು ಇರುವೆ ಎಲ್ಲ ಬಂದು ಕೂತು ವಾರ ಕಳೆಯುವುದರಲ್ಲಿ ಕಪ್ಪು ಮಚ್ಚೆಯಾಗುತ್ತದೆ. ಲೇಬಲ್ಲೇ ವಾಸಿಯಿತ್ತು ಅನ್ನಿಸುತ್ತದೆ.

ಮಲೆನಾಡಿನ ನಮ್ಮಜ್ಜಿಯ ಮನೆಯಲ್ಲಿ ಈ ಪಡಿಪಾಟಲು ಇರಲಿಲ್ಲ. ಅಲ್ಲಿ ಶೀಸೆ ಎಂದರೆ ಹಾರ್ಲಿಕ್ಸ್ ಶೀಸೆ. ಅಗಲ ಬಾಯಿಯ ಆ ದಪ್ಪ ಗಾಜಿನೊಳಗೆ ಕಾಫಿಪುಡಿಯಿಂದ ಹಿಡಿದು ಬೆಂಗಳೂರಿನ ನೆಂಟರಿಗೆ ಕಳಿಸುವ ಮಿಡಿ ಉಪ್ಪಿನಕಾಯಿಯವರೆಗೆ ಏನು ಬೇಕಾದರೂ ಸೇರುತ್ತಿತ್ತು. ಬಚ್ಚಲ ಹಂಡೆಯ ಬಿಸಿನೀರು ಒಂದು ಬಕೆಟ್ಟು, ಒಲೆಯ ಬೂದಿ ಒಂದು ಹಿಡಿ, ಅದರೊಳಗೆ ಶೀಸೆ. ಬಟ್ಟೆ ಒಗೆದು ಬರುವಷ್ಟರಲ್ಲಿ ಚೀಟಿ ತಾನಾಗಿ ಕಳಚಿಕೊಂಡು ನೀರಿನ ಮೇಲೆ ತೇಲುತ್ತಿತ್ತು. ಬೂದಿಯಲ್ಲಿರುವ ಕ್ಷಾರಕ್ಕೆ ಆ ಅಂಟು ಕರಗುತ್ತದೆಂದು ಅಜ್ಜಿ ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಬೂದಿ ಹಾಕಿದರೆ ಹೋಗುತ್ತದೆ, ಅಷ್ಟೆ.

ಶೀಸೆಯ ಇನ್ನೊಂದು ಪ್ರಯಾಣ ಸರ್ಕಾರಿ ಆಸ್ಪತ್ರೆಗೆ. ಜ್ವರವೋ ಹೊಟ್ಟೆನೋವೋ ಬಂದರೆ ಮಿಕ್ಸ್ಚರ್ ಬರೆದುಕೊಡುತ್ತಿದ್ದರು. ಶೀಸೆಯನ್ನು ಮಾತ್ರ ರೋಗಿಯೇ ಒಯ್ಯಬೇಕಿತ್ತು. ಕಿಟಕಿಯಾಚೆ ಕೂತ ಕಾಂಪೌಂಡರು "ಶೀಸೆ ತಂದಿದ್ದೀರೇನಮ್ಮಾ?" ಎಂದು ಕೇಳಿ, ಕೊಟ್ಟ ಶೀಸೆಯನ್ನು ಮೊದಲು ಮೂಸಿ ನೋಡುತ್ತಿದ್ದರು. ಸೀಮೆಎಣ್ಣೆಯ ವಾಸನೆ ಬಂದರೆ ಶೀಸೆಯೂ ವಾಪಸ್ಸು, ಅಜ್ಜಿಯೂ ವಾಪಸ್ಸು. ದಾಟಿದರೆ ದೊಡ್ಡ ಜಾಡಿಯಿಂದ ಗುಲಾಬಿ ಬಣ್ಣದ ಮದ್ದು ಸುರಿಯುತ್ತಿದ್ದರು. ಆಮೇಲೆ ನನಗೆ ಬಲು ಇಷ್ಟವಾದ ಕೆಲಸ. ಉದ್ದನೆಯ ಕಾಗದದ ಪಟ್ಟಿಯನ್ನು ಮಡಿಸಿ ಮಡಿಸಿ, ಅಂಚಿಗೆ ಕತ್ತರಿಯಿಂದ ಕಚ್ಚು ಕೊಟ್ಟು ಬಿಡಿಸಿದರೆ ಸಾಲಾಗಿ ಒಂದೇ ಅಳತೆಯ ಹಲ್ಲುಗಳು. ಅದಕ್ಕೆ ಮೈದಾ ಸರಿ ಸವರಿ ಶೀಸೆಯ ಮೈಗೆ ಮೇಲಿಂದ ಕೆಳಕ್ಕೆ ಅಂಟಿಸುತ್ತಿದ್ದರು. ಒಂದು ಹಲ್ಲು ಇಳಿದರೆ ಒಂದು ಹೊತ್ತಿನ ಮದ್ದು. ಓದು ಬರಹ ಬಾರದ ಅಜ್ಜಿಯೂ ತಪ್ಪದೆ ಕುಡಿಸಬಹುದಾದ ಲೇಬಲ್ ಅದು. ಅಷ್ಟು ಚೊಕ್ಕವಾದ ಲೇಬಲ್ಲನ್ನು ನಾನು ಆಮೇಲೆ ಕಂಡಿಲ್ಲ. ಅವರ ಮೈದಾ ಸರಿಯ ಡಬ್ಬಿಗೆ ತುಸು ನೀಲಿ ಛಾಯೆ ಇರುತ್ತಿತ್ತು, ಅದಕ್ಕೆ ಕಾರಣ ಸರಿಗೆ ಬೆರೆಸಿದ ಮೈಲುತುತ್ತ. ಪುಸ್ತಕಕ್ಕೆ ರಟ್ಟು ಕಟ್ಟುವವರು ಹುಳ ಹಿಡಿಯದಿರಲೆಂದು ಬೆರೆಸುವುದೂ ಅದನ್ನೇ.

ಮುಂದಿನ ಸಲ ಬೇರೆ ರೋಗ, ಬೇರೆ ಅಳತೆ, ಬೇರೆ ಪಟ್ಟಿ. ಹಾಗಾಗಿ ಹಳೆಯ ಪಟ್ಟಿ ಹೋಗಲೇಬೇಕು, ಹೋಗುತ್ತಲೂ ಇತ್ತು. ಮೈದಾ, ಗಂಜಿ, ಗೋಂದು ಇವೆಲ್ಲ ನೀರಿನಲ್ಲಿ ಹುಟ್ಟಿದ ಅಂಟುಗಳು, ನೀರು ಕಂಡರೆ ಮತ್ತೆ ಮೆತ್ತಗಾಗುತ್ತವೆ. ಶೀಸೆ ಮರಳಿ ಬರುತ್ತದೆಂದು ಗೊತ್ತಿದ್ದವನು ಬಿಡುವಂಥ ಅಂಟನ್ನೇ ಹಚ್ಚುತ್ತಿದ್ದ. ಅಂಗಡಿಯ ಬಾಗಿಲು ದಾಟಿದ ಶೀಸೆಯ ಗೊಡವೆಯೇ ಬೇಡ ಎನ್ನುವವನು ಬಿಡದ ಅಂಟು ಹಚ್ಚುತ್ತಾನೆ. ಒಂದು ಲೇಬಲ್ ಎಷ್ಟು ಹಟಮಾರಿ ಎಂಬುದರ ಮೇಲೆ, ಅದನ್ನು ಅಂಟಿಸಿದವನು ಆ ಶೀಸೆಗೆ ಎಷ್ಟು ಆಯುಸ್ಸು ಬರೆದಿದ್ದ ಎಂದು ನಾನು ಲೆಕ್ಕ ಹಾಕುತ್ತೇನೆ.

ಇದು ನನ್ನ ಕಲ್ಪನೆಯಲ್ಲ, ಬಿಯರ್ ಶೀಸೆಯನ್ನು ನೋಡಿ. (ದೂರದಿಂದ ನೋಡಿದರೂ ಸಾಕು.) ಅದು ಕಾರ್ಖಾನೆಗೆ ವಾಪಸ್ಸು ಹೋಗಿ, ತೊಳೆಸಿಕೊಂಡು, ಮತ್ತೆ ತುಂಬಿಸಿಕೊಂಡು ಬರುವ ಶೀಸೆ. ಹೊಟ್ಟೆಯ ಮೇಲೂ ಕೆಳಗೂ ಬಳೆಯಂತೆ ಬಿಳಿಚಿದ ಗೀರಿದ್ದರೆ ಅದು ಬಹಳ ಸಲ ಓಡಾಡಿದ್ದೆಂದು ಅರ್ಥ. ಯಂತ್ರದ ಸಾಲಿನಲ್ಲಿ ಒಂದಕ್ಕೊಂದು ತಾಗಿ ಸವೆದ ಗುರುತು ಅದು. ಇಂಥ ಶೀಸೆಗಳ ಲೇಬಲ್ಲಿಗೆ ಬಹುಕಾಲದಿಂದ ಬಳಸುತ್ತ ಬಂದಿರುವ ಅಂಟು ಕೇಸಿನ್, ಅಂದರೆ ಹಾಲು ಒಡೆದಾಗ ಗಟ್ಟಿಯಾಗಿ ಸಿಗುವ ಸಾರ. ಮಂಜುಗಡ್ಡೆಯ ನೀರಿನಲ್ಲಿ ಗಂಟೆಗಟ್ಟಲೆ ಮುಳುಗಿಸಿಟ್ಟರೂ ಅದು ಅಲ್ಲಾಡುವುದಿಲ್ಲ. ಆದರೆ ಕಾರ್ಖಾನೆಯ ತೊಳೆಯುವ ಯಂತ್ರದಲ್ಲಿ, 60ರಿಂದ 80 ಡಿಗ್ರಿ ಬಿಸಿಯ, ಶೇಕಡಾ ಎರಡು ಮೂರರಷ್ಟು ಕಾಸ್ಟಿಕ್ ಸೋಡಾ ಬೆರೆತ ನೀರು ತಾಗಿದರೆ ಕರಗಿ ಚೀಟಿಯನ್ನು ಬಿಟ್ಟುಕೊಡುತ್ತದೆ. ಅಜ್ಜಿಯ ಬೂದಿಯ ಬಕೆಟ್ಟನ್ನೇ ಕಾರ್ಖಾನೆಯವರು ದೊಡ್ಡದು ಮಾಡಿಟ್ಟಿದ್ದಾರೆ. ಬ್ರಾಂದಿ ಮುಟ್ಟಿದವರ ಮನೆಯ ನೀರು ಕುಡಿಯದಿದ್ದ ಅಜ್ಜಿಗೆ ಈ ಸಂಬಂಧ ಹೇಳಿದ್ದರೆ ಏನೆನ್ನುತ್ತಿದ್ದರೋ.

ಗೋಲಿ ಸೋಡಾದ್ದು ಇನ್ನೂ ಜಾಣತನ. 1872ರಲ್ಲಿ ಇಂಗ್ಲೆಂಡಿನ ಹೈರಮ್ ಕಾಡ್ ಎಂಬಾತ ಅದರ ಕತ್ತಿನಲ್ಲಿ ಗೋಲಿ ಕೂರಿಸಿ ಹಕ್ಕುಪತ್ರ ಪಡೆದ. ಅಂಥ ಶೀಸೆಯಲ್ಲಿ ಕಂಪನಿಯ ಹೆಸರನ್ನು ಗಾಜಿನ ಮೇಲೇ ಉಬ್ಬಿಸಿಬಿಟ್ಟರೆ ಅಂಟಿಸುವ ಮಾತೂ ಇಲ್ಲ, ಕೀಳುವ ಮಾತೂ ಇಲ್ಲ.

ಹಾಗಾದರೆ ಈ ಬಿಡದ ಅಂಟು ಎಲ್ಲಿಂದ ಬಂತು? ಹುಡುಕುತ್ತ ಹೋದರೆ ಸಿಗುವವನು ಪಾಪದವನೇ. 1935ರಲ್ಲಿ ಲಾಸ್ ಏಂಜಲೀಸಿನಲ್ಲಿ ಸ್ಟಾಂಟನ್ ಏವರಿ ಎಂಬ ತರುಣ, ತಾನು ಮದುವೆಯಾಗಲಿದ್ದ ಹುಡುಗಿಯಿಂದ ನೂರು ಡಾಲರ್ ಸಾಲ ತೆಗೆದುಕೊಂಡು, ಬಟ್ಟೆ ಒಗೆಯುವ ಯಂತ್ರದ ಮೋಟಾರು, ಹೊಲಿಗೆ ಯಂತ್ರದ ಬಿಡಿಭಾಗ ಎಲ್ಲ ಜೋಡಿಸಿ ಒಂದು ಯಂತ್ರ ಮಾಡಿದ. ನೀರು ಬೇಡ, ನಾಲಗೆ ತಾಗಿಸುವುದು ಬೇಡ, ಒತ್ತಿದರೆ ಸಾಕು ಎನ್ನುವ ಚೀಟಿ ಅದರಿಂದ ಹೊರಬಂತು. ಆಗಿನ ಅಂಗಡಿಗಳ ಗೋಂದಿನ ಬೆಲೆಚೀಟಿ ಕೀಳಲು ಹೋದರೆ ಸರಕಿನ ಮೇಲೆ ಕಲೆ ಉಳಿಯುತ್ತಿತ್ತಂತೆ. ನಮ್ಮದು ಗುರುತೇ ಇಲ್ಲದಂತೆ ಬಿಟ್ಟು ಬರುತ್ತದೆ ಎಂಬುದೇ ಏವರಿಯ ಭರವಸೆ! ಇಂದು ಜಗತ್ತಿನ ಸಿಂಕುಗಳ ಮುಂದೆ ನಿಂತು ಉಗುರು ಸವೆಸುತ್ತಿರುವವರೆಲ್ಲ ಆ ಭರವಸೆಯ ವಾರಸುದಾರರು.

ಈ ಒತ್ತಂಟಿನ ಗುಣವೇ ವಿಚಿತ್ರ. ಅದು ಎಂದೂ ಪೂರ್ತಿ ಒಣಗುವುದಿಲ್ಲ. ಬಹಳ ನಿಧಾನವಾಗಿ ಹರಿಯುವ ದ್ರವದ ಹಾಗೆ ಗಾಜಿನ ಸೂಕ್ಷ್ಮ ತಗ್ಗುಗಳಿಗೆಲ್ಲ ಇಳಿದು ಕೂರುತ್ತದೆ. ರಬ್ಬರು ಅಥವಾ ಅಕ್ರಿಲಿಕ್, ಅದರ ಜೊತೆಗೆ ಜಿಗುಟು ಹೆಚ್ಚಿಸಲು ಬಹುಮಟ್ಟಿಗೆ ಮರದ ರಾಳದಂಥ ಏನಾದರೂ ಇರುತ್ತದೆ. ನೀರಿಗೆ ಇಲ್ಲೇನು ಕೆಲಸ? ಮಲೆನಾಡಿನವರಿಗೆ ಉತ್ತರ ಹೇಳಿಕೊಡಬೇಕಾಗಿಲ್ಲ. ಹಲಸಿನಹಣ್ಣು ಹೆಚ್ಚುವ ಮೊದಲು ಕೈಗೂ ಕತ್ತಿಗೂ ಕೊಬ್ಬರಿಎಣ್ಣೆ ಸವರುತ್ತೇವಲ್ಲ, ಹಲಸಿನ ಮೇಣವೂ ರಬ್ಬರಿನ ದಾಯಾದಿಯೇ. ಎಣ್ಣೆಯ ಜಾತಿಯ ಅಂಟಿಗೆ ಎಣ್ಣೆಯೇ ಮದ್ದು. ಕಾಗದವನ್ನೆಲ್ಲ ಕೆರೆದು ತೆಗೆದು, ಉಳಿದ ಜಿಗುಟಿಗೆ ಕೊಬ್ಬರಿಎಣ್ಣೆಯನ್ನು ಅಡುಗೆ ಸೋಡಾದೊಂದಿಗೆ ಕಲಸಿ ಮೆತ್ತಿ, ಒಂದು ಧಾರಾವಾಹಿ ನೋಡಿ ಬಂದು ಉಜ್ಜಿದರೆ ಉಂಡೆ ಉಂಡೆಯಾಗಿ ಎದ್ದು ಬರುತ್ತದೆ. ಹೇರ್ ಡ್ರೈಯರ್‌ನ ಬಿಸಿಗಾಳಿ ಹಿಡಿದು ನಿಧಾನವಾಗಿ ಎಳೆದರೆ ಎಷ್ಟೋ ಲೇಬಲ್ ಅಂಟಿನ ಸಮೇತ ಬರುವುದೂ ಉಂಟು. ಅವಸರದಿಂದ ಎಳೆದರೆ ಅಂಟು ಗಟ್ಟಿಯಾಗಿ ಸೆಟೆದುಕೊಂಡು ಕಾಗದವನ್ನೇ ಹರಿಯುತ್ತದೆ.

ನಮ್ಮತ್ತೆಯವರಿಗೆ ಇದೆಲ್ಲ ಹೆಣ್ಣುಮಕ್ಕಳ ಆಟ. "ಸೀಮೆಎಣ್ಣೆ ಒಂದು ತೊಟ್ಟು ಇದ್ದಿದ್ದರೆ ಯಾವಾಗಲೋ ಆಗಿಹೋಗ್ತಿತ್ತು ಕಣೇ" ಅನ್ನುತ್ತಾರೆ. ನಿಜ. ರೇಷನ್ನಿನ ನೀಲಿ ಸೀಮೆಎಣ್ಣೆ ಒಂದು ಕಾಲಕ್ಕೆ ಸೈಕಲ್ ಚೈನಿನಿಂದ ಹಿಡಿದು ಬಾಗಿಲ ಬಣ್ಣದವರೆಗೆ ಎಲ್ಲದಕ್ಕೂ ಪರಿಹಾರ. ಈಗ ಅದು ಸಿಗುವುದೇ ಅಪರೂಪ, ಸಿಕ್ಕರೂ ಶೀಸೆ ಆ ವಾಸನೆ ಬಿಡಬೇಕಲ್ಲ. ಮೂಸಿ ನೋಡುವ ಆ ಕಾಂಪೌಂಡರು ನನ್ನ ತಲೆಯೊಳಗೆ ಇನ್ನೂ ಡ್ಯೂಟಿಯಲ್ಲಿದ್ದಾರೆ.

ವಾಸನೆಯೇ ಬೇಕಿದ್ದರೆ ನೀಲಗಿರಿ ಎಣ್ಣೆ ಉತ್ತಮ. ನಂದಿಬೆಟ್ಟದಲ್ಲಿ ಟಿಪ್ಪುವಿನ ಕಾಲಕ್ಕೇ ಈ ಮರ ನೆಟ್ಟಿದ್ದರೆಂದು ಹೇಳುತ್ತಾರೆ. ಊಟಿಗೆ ಹೋದವರು ತಪ್ಪದೆ ತರುವ ಆ ಪುಟ್ಟ ಶೀಸೆಯನ್ನು ಗಮನಿಸಿ: ಮುಚ್ಚಳದಿಂದ ಜಿನುಗಿದ ಎಣ್ಣೆಗೆ ಅದರ ಲೇಬಲ್ ತಾನಾಗಿಯೇ ಜಾರಿ ಓರೆಯಾಗಿರುತ್ತದೆ. ಇಷ್ಟು ಪ್ರಾಮಾಣಿಕವಾದ ಜಾಹೀರಾತು ಬೇರೆ ಯಾವ ಸರಕಿಗಿದೆ?

ಮಗಳು ನಮ್ಮೆಲ್ಲರನ್ನೂ ಮೀರಿದವಳು. ಅವಳದು ಉಗುರುಬಣ್ಣ ತೆಗೆಯುವ ದ್ರವ, ಅಂದರೆ ಬಹುಪಾಲು ಅಸಿಟೋನ್. ಹತ್ತಿಯಲ್ಲಿ ಅದ್ದಿ ಒರೆಸಿದರೆ ಎಂಥ ಅಂಟಾದರೂ ಶರಣು. ಮೂಗಿಗೆ ಚುರ್ರೆನ್ನುವ ಆ ವಾಸನೆಗೂ ಒಂದು ಇತಿಹಾಸವಿದೆ. ಮೊದಲ ಮಹಾಯುದ್ಧದಲ್ಲಿ ತೋಪಿನ ಮದ್ದಾದ ಕಾರ್ಡೈಟ್ ಮಾಡಲು ಬ್ರಿಟನ್ನಿಗೆ ಅಸಿಟೋನ್ ಬೇಕಾಯಿತು. ಮ್ಯಾಂಚೆಸ್ಟರಿನ ರಸಾಯನಶಾಸ್ತ್ರಜ್ಞ, ಮುಂದೆ ಇಸ್ರೇಲಿನ ಮೊದಲ ರಾಷ್ಟ್ರಪತಿಯಾದ ಖೈಮ್ ವೈಜ್‌ಮನ್, ಮೆಕ್ಕೆಜೋಳದಂಥ ಪಿಷ್ಟವನ್ನು ಬ್ಯಾಕ್ಟೀರಿಯಾಗಳಿಂದ ಹುದುಗಿಸಿ ಅದನ್ನು ಪಡೆಯುವ ದಾರಿ ತೋರಿಸಿದರು. ಧಾನ್ಯಕ್ಕೆ ತತ್ವಾರ ಬಂದಾಗ, 1917ರಲ್ಲಿ, ಶಾಲೆಯ ಮಕ್ಕಳಿಂದ ಕಾಡುಬೀಜಗಳಾದ ಹಾರ್ಸ್ ಚೆಸ್ಟ್‌ನಟ್ ಆರಿಸಿ ತರಿಸಿದರು. ಏತಕ್ಕೆಂದು ಆ ಮಕ್ಕಳಿಗೆ ಹೇಳಲಿಲ್ಲ. ಅದೇ ಯುದ್ಧದ ಹೊತ್ತಿಗೆ ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲೂ ಗಿಲ್ಬರ್ಟ್ ಫೌಲರ್ ಎಂಬ ಪ್ರಾಧ್ಯಾಪಕರು ಹುದುಗಿಸಿ ಅಸಿಟೋನ್ ತೆಗೆಯುವ ಕೆಲಸದಲ್ಲಿ ತೊಡಗಿದ್ದರು, ನಾಸಿಕ್‌ನಲ್ಲಿ ಅದಕ್ಕೆಂದೇ ಕಾರ್ಖಾನೆ ಎದ್ದಿತು. ತೋಪಿಗೆಂದು ಹುದುಗಿಸಿದ್ದನ್ನು ಈಗ ನಾವು ಜೇನುತುಪ್ಪದ ಶೀಸೆಗೆ ಒರೆಸುತ್ತಿದ್ದೇವೆ. ಒಳ್ಳೆಯದೇ ಆಯಿತು.

ಅಸಿಟೋನಿಗೆ ಎರಡು ಕಟ್ಟಳೆ. ಗ್ಯಾಸ್ ಒಲೆ ಉರಿಯುವಾಗ ಅದರ ಮುಚ್ಚಳ ತೆಗೆಯಬಾರದು, ಅದರ ಆವಿ ಬೆಂಕಿಯನ್ನು ದೂರದಿಂದಲೇ ಕರೆದುಕೊಳ್ಳುತ್ತದೆ. ಪ್ಲಾಸ್ಟಿಕ್ಕಿಗೆ ತಾಗಿಸಬಾರದು, ಹಲವು ಬಗೆಯ ಪಾರದರ್ಶಕ ಪ್ಲಾಸ್ಟಿಕ್ ಕಣ್ಣೆದುರೇ ಮಂಜಾಗಿ ಬಿರುಕುಬಿಡುತ್ತದೆ. ಬಣ್ಣ ಬಳಿದ ಸ್ಟೀಲ್ ಬಾಟ್ಲಿಯಾದರೆ ಲೇಬಲ್ಲಿನ ಜೊತೆ ಬಣ್ಣವೂ ಹೋದೀತು. ಅಂಥದ್ದಕ್ಕೆ ಕೊರೋನಾ ಕಾಲದಲ್ಲಿ ಹೆದರಿ ಕೊಂಡು ಮೂಲೆಯಲ್ಲಿಟ್ಟ ಸ್ಯಾನಿಟೈಸರ್ ಇದೆಯಲ್ಲ, ಅದು ಸಾಕು. ಅದರ ಆಲ್ಕೋಹಾಲಿಗೆ ಅಕ್ರಿಲಿಕ್ ಅಂಟು ಮೆತ್ತಗಾಗುತ್ತದೆ. ಅದೂ ಬೆಂಕಿಗೆ ಹತ್ತಿರದ ನೆಂಟನೇ, ಮರೆಯಬಾರದು. ಯಾವುದರಿಂದ ಒರೆಸಿದರೂ ಕೊನೆಗೆ ಸೋಪು, ಬಿಸಿನೀರಿನ ಸ್ನಾನ ತಪ್ಪಿಸುವಂತಿಲ್ಲ.

ಲೇಬಲ್ಲಿಗಿಂತ ದೊಡ್ಡ ಶತ್ರು ಬೆಲೆಚೀಟಿ. ಮದುವೆ ಮುಯ್ಯಿಗೆ ತಂದ ಗಾಜಿನ ಜಗ್ಗಿನ ತಳದಲ್ಲಿ ಅಂಟಿರುವ ಆ ಬೆರಳಗಲದ ಚೀಟಿಯನ್ನು, ಛತ್ರಕ್ಕೆ ಹೊರಡುವ ಆಟೋ ಬಾಗಿಲಲ್ಲಿ ನಿಂತಿರುವಾಗಲೇ ಕೀಳಲು ನೆನಪಾಗುವುದು. ಕೆರೆದ ಮೇಲೂ ಮೊದಲ ಅಂಕಿ ಹೋಗಿ ಕೊನೆಯ ಎರಡು ಸೊನ್ನೆ ಉಳಿಯುತ್ತವೆ. ಪಡೆದವರು ದೀಪಕ್ಕೆ ಹಿಡಿದು ಉಳಿದದ್ದನ್ನು ಊಹಿಸುತ್ತಾರೆ, ಸಾಮಾನ್ಯವಾಗಿ ಕಡಿಮೆಯನ್ನೇ. ಸರ್ಕಾರಕ್ಕೂ ಈ ಚೀಟಿಗಳ ಮೇಲೆ ನಂಬಿಕೆ ಕಮ್ಮಿ: 2011ರ ಪೊಟ್ಟಣಗಳ ನಿಯಮದ ಪ್ರಕಾರ, ಮುದ್ರಿಸಿದ ಬೆಲೆಯನ್ನು ಇಳಿಸಲು ಮಾತ್ರ ಹೊಸ ಚೀಟಿ ಅಂಟಿಸಬಹುದು, ಅದೂ ಹಳೆಯ ಬೆಲೆ ಮುಚ್ಚದ ಹಾಗೆ.

ಈಚೆಗೆ ಅಟ್ಟ ತುಂಬಿ ಮುಚ್ಚಳಗಳು ತಲೆಯ ಮೇಲೆ ಬೀಳತೊಡಗಿದಾಗ, ಮನೆಯವರ ಒತ್ತಾಯಕ್ಕೆ ಗುಜರಿಯವನನ್ನು ಕರೆದೆ. ಥಳಥಳಿಸುವ ಶೀಸೆಗಳನ್ನು ಜಗಲಿಯ ಮೇಲೆ ಸಾಲಾಗಿ ಜೋಡಿಸಿದ್ದೆ, ಒಂದರಲ್ಲೂ ಜಿಗುಟಿಲ್ಲ. ಅವನು ಒಂದನ್ನೂ ಮುಟ್ಟಿ ನೋಡಲಿಲ್ಲ.

"ಇವು ಕೆಜಿ ಲೆಕ್ಕ ಅಕ್ಕಾ. ಒಡೆದು ಕರಗಿಸೋಕೆ ಹೋಗೋ ಮಾಲು."

"ಇಷ್ಟು ತೊಳೆದಿಟ್ಟಿದ್ದೀನಲ್ಲಪ್ಪಾ!"

"ಯಾರು ತೊಳೀರಿ ಅಂದೋರು? ಬಿಯರ್ ಬಾಟ್ಲಿ ಆದ್ರೆ ಪೀಸ್ ಲೆಕ್ಕ, ಲೇಬಲ್ ಇದ್ರೂ ಸರಿ, ಇಲ್ದಿದ್ರೂ ಸರಿ. ಕಂಪ್ನಿಯೋರು ವಾಪಸ್ ತಗೋತಾರೆ. ಇವನ್ನ ಯಾರು ತಗೋತಾರೆ?"

ಕೆಜಿಗೆ ಅವನು ಹೇಳಿದ ರೇಟಿಗೆ ನನ್ನ ಕೊಬ್ಬರಿಎಣ್ಣೆಯ ಖರ್ಚೂ ಹುಟ್ಟುವುದಿಲ್ಲ. ಹಳೇ ಪೇಪರು ಮಾತ್ರ ಹಾಕಿ, ಶೀಸೆಗಳನ್ನು ಒಳಕ್ಕೆ ಎತ್ತಿಡತೊಡಗಿದೆ. ಮನೆಯವರು ಪೇಪರಿನ ಮರೆಯಲ್ಲಿ ನಿಟ್ಟುಸಿರು ಬಿಟ್ಟರು. ತಕ್ಕಡಿ ಮಡಿಸಿ ಸೈಕಲ್ಲಿಗೆ ಕಟ್ಟಿದವನು ಗೇಟಿನವರೆಗೆ ಹೋಗಿ ಮತ್ತೆ ತಿರುಗಿ ಬಂದ. ಮನೆಯಲ್ಲಿ ನಿಂಬೆಕಾಯಿ ಉಪ್ಪಿನಕಾಯಿ ಹಾಕಿದ್ದಾರಂತೆ, ಅಗಲ ಬಾಯಿಯದು ಎರಡು ಬೇಕಂತೆ. ಒಳ್ಳೆಯದೇ ಎರಡನ್ನು ಆರಿಸಿ ಕೊಟ್ಟೆ. ಅವನು ಒಂದನ್ನು ಹಿಂದಕ್ಕೆ ಚಾಚಿದ.

"ಮುಚ್ಚಳ ಟೈಟಾಗಿ ಕೂರೋದು ಕೊಡಿ ಅಕ್ಕಾ, ಇದು ಲೂಸ್ ಐತೆ."