ಕ್ವಿನ್ಸಿಯ ‘ಶಾಂತಿಯ ಹೊಲ’

ಅಮೆರಿಕಕ್ಕೆ ಹೋದವರು ನ್ಯೂಯಾರ್ಕ್, ನಯಾಗರಾ ನೋಡದೆ ಬರುವುದಿಲ್ಲ. ಮಗನದೋ ಮಗಳದೋ ಬಾಣಂತನಕ್ಕೆಂದು ನೀವು ಬಾಸ್ಟನ್ನಿಗೆ ಹೋದರೆ ಒಂದು ದಿನ ಬಿಡುವು ಮಾಡಿಕೊಂಡು ಕ್ವಿನ್ಸಿಗೂ ಹೋಗಿ ಬನ್ನಿ. ದಕ್ಷಿಣಕ್ಕೆ ಸುಮಾರು 16 ಕಿಲೋಮೀಟರ್, ನಗರದ ರೈಲೇ ಹೋಗುತ್ತದೆ. ಅಮೆರಿಕದ ಎರಡನೇ ಅಧ್ಯಕ್ಷ ಜಾನ್ ಆಡಮ್ಸ್ ಅವರ ಊರು ಅದು.

ಅಲ್ಲಿ ಅಕ್ಕಪಕ್ಕದಲ್ಲಿ ಎರಡು ಹಳೇ ಮರದ ಮನೆಗಳಿವೆ. ಒಂದರಲ್ಲಿ 1735ರಲ್ಲಿ ಜಾನ್ ಹುಟ್ಟಿದರು. ಇನ್ನೊಂದರಲ್ಲಿ 1767ರಲ್ಲಿ ಅವರ ಮಗ, ಮುಂದೆ ಆರನೇ ಅಧ್ಯಕ್ಷರಾದ ಜಾನ್ ಕ್ವಿನ್ಸಿ ಆಡಮ್ಸ್ ಹುಟ್ಟಿದರು. ರೈತನ ಮಗ ಜಾನ್ ವಕೀಲರಾದರು, ಸ್ವಾತಂತ್ರ್ಯಕ್ಕಾಗಿ ವಾದಿಸಿದರು, ಬ್ರಿಟನ್ ಜೊತೆಗಿನ 1783ರ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದರು. ವರ್ಷಗಟ್ಟಲೆ ಹೀಗೆ ಹೊರಗಿದ್ದರೆ ಮನೆ ನೋಡಿಕೊಂಡವರು ಯಾರು ಅಂತೀರಾ? ಹೆಂಡತಿ ಅಬಿಗೇಲ್! ಹೊಲ, ಲೆಕ್ಕಪತ್ರ, ಮಕ್ಕಳ ಪಾಠ ಎಲ್ಲವೂ ಅವರದೇ. ಹೊಸ ಕಾನೂನು ಮಾಡುವಾಗ ಹೆಂಗಸರನ್ನೂ ನೆನಪಿಟ್ಟುಕೊಳ್ಳಿ ಎಂದು 1776ರಲ್ಲಿ ಗಂಡನಿಗೆ ಕಾಗದ ಬರೆದರು. ಜಾನ್ ನಕ್ಕು ಸುಮ್ಮನಾದರು. ಹೆಂಗಸರ ಮತದ ಹಕ್ಕು ಅಲ್ಲಿನ ಸಂವಿಧಾನಕ್ಕೆ ಸೇರಿದ್ದು 1920ರಲ್ಲಿ, ನೋಡಿ.

ಸ್ವಲ್ಪ ದೂರದಲ್ಲಿ, 1787ರಲ್ಲಿ ಅವರು ಕೊಂಡ ದೊಡ್ಡ ಮನೆಯಿದೆ. ಜಾನ್ ಅದಕ್ಕೆ ‘ಪೀಸ್‌ಫೀಲ್ಡ್’, ಅಂದರೆ ಶಾಂತಿಯ ಹೊಲ, ಎಂದು ಹೆಸರಿಟ್ಟರು. ಆ ಶಾಂತಿಯೇ ಅವರಿಗೆ ದುಬಾರಿಯಾಯಿತು. 1797ರಲ್ಲಿ ಅವರು ಅಧ್ಯಕ್ಷರಾದಾಗ ಫ್ರಾನ್ಸ್ ಜೊತೆ ಕಡಲಿನಲ್ಲಿ ಕಾದಾಟ ಏರುತ್ತಿತ್ತು. ಸ್ವಂತ ಪಕ್ಷದ ಹಲವರು ಯುದ್ಧವೇ ಬೇಕೆಂದರು. ಜಾನ್ ದೂತರನ್ನು ಕಳಿಸಿ 1800ರಲ್ಲಿ ರಾಜಿ ಮಾಡಿಕೊಂಡರು. ಪಕ್ಷ ಒಡೆಯಿತು, ಅದೇ ವರ್ಷದ ಚುನಾವಣೆಯಲ್ಲಿ ಜೆಫರ್ಸನ್ ಎದುರು ಸೋತರು. ಅವರಿಗೆ ಕಳಂಕವೂ ಉಂಟು: ಸರ್ಕಾರವನ್ನು ಟೀಕಿಸಿದವರನ್ನು ಜೈಲಿಗೆ ಹಾಕಬಲ್ಲ 1798ರ ಕಾನೂನಿಗೆ ಸಹಿ ಹಾಕಿದವರು ಅವರೇ. ಆದರೆ ಸೋತ ಮೇಲೆ ಕುರ್ಚಿಗೆ ಅಂಟಿಕೊಳ್ಳಲಿಲ್ಲ. ಎದುರು ಪಕ್ಷಕ್ಕೆ ಅಧಿಕಾರ ಬಿಟ್ಟುಕೊಟ್ಟು ಊರಿಗೆ ಬಂದರು. ಆ ದೇಶದಲ್ಲಿ ಅದೇ ಮೊದಲು.

ವಾಷಿಂಗ್ಟನ್ನಿನ ಅಧ್ಯಕ್ಷರ ಭವನದಲ್ಲಿ ಮೊದಲು ಸಂಸಾರ ಹೂಡಿದ್ದೂ ಇವರೇ. ಕಟ್ಟಡ ಇನ್ನೂ ಅರೆಬರೆ. ಇಂದು ಗಣ್ಯರ ಸಮಾರಂಭ ನಡೆಯುವ ದೊಡ್ಡ ಕೋಣೆಯಲ್ಲಿ ಅಬಿಗೇಲ್ ಒಗೆದ ಬಟ್ಟೆ ಹರವಿಸಿದ್ದರು!

1812ರಲ್ಲಿ ಜಾನ್ ಮತ್ತು ಜೆಫರ್ಸನ್ ಮುನಿಸು ಮರೆತು ಮತ್ತೆ ಕಾಗದ ಬರೆಯತೊಡಗಿದರು. ಅಬಿಗೇಲ್ 1818ರಲ್ಲಿ ತೀರಿಕೊಂಡರು. 1826ರ ಜುಲೈ 4ರಂದು, ಸ್ವಾತಂತ್ರ್ಯ ಘೋಷಣೆಗೆ 50 ವರ್ಷ ತುಂಬಿದ ದಿನವೇ, ಆ ಗೆಳೆಯರಿಬ್ಬರೂ ಕಣ್ಣುಮುಚ್ಚಿದರು.

ಚಳಿಗಾಲದಲ್ಲಿ ಮನೆಗಳು ಮುಚ್ಚಿರುವುದುಂಟು, ವಿಚಾರಿಸಿಕೊಂಡೇ ಹೊರಡಿ. ಬರುವಾಗ ರೈಲು ನಿಲ್ದಾಣದ ಬಳಿಯ ಕಲ್ಲಿನ ಚರ್ಚಿಗೂ ಹೋಗಿ. ಅದರ ನೆಲಮಾಳಿಗೆಯಲ್ಲಿ ಜಾನ್ ಅವರ ಸಮಾಧಿಯಿದೆ. ಪಕ್ಕದಲ್ಲೇ ಅಬಿಗೇಲ್ ಅವರದೂ ಇದೆ. ಎರಡರ ಮುಂದೆಯೂ ಒಂದು ಗಳಿಗೆ ನಿಂತು ಬನ್ನಿ.